ಮೂಳೆಗೆ ಕ್ಯಾಲ್ಸಿಯಂ ಒಂದೇ ಸಾಲದು: ಕೊಲಾಜನ್‌ ಮತ್ತು ವಿಟಮಿನ್‌ ಸಿ ದಿನದ ಊಟಕ್ಕೆ ಸೇರಿಸುವ ಬಗೆ

ಮನೆಯಲ್ಲಿ ಯಾರಿಗಾದರೂ ಕೈಯೋ ಕಾಲೋ ಮುರಿದರೆ, ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು. ಹಾಲು ಕುಡಿಯಲಿ, ರಾಗಿ ತಿನ್ನಲಿ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಮಾತು ಸರಿಯಾಗಿಯೇ ಇದೆ. ಆದರೆ ಆ ಕ್ಯಾಲ್ಸಿಯಂ ಹೋಗಿ ಕೂರುವುದಕ್ಕೆ ಒಂದು ಜಾಗ ಬೇಕಲ್ವಾ? ಆ ಜಾಗವನ್ನು ಮೂಳೆಯ ಜೀವಕೋಶಗಳು ಮೊದಲು ಕೊಲಾಜನ್‌ ಅನ್ನುವ ಪ್ರೋಟೀನಿನಿಂದ ಹೆಣೆಯಬೇಕು. ಹೆಣಿಗೆ ಗಟ್ಟಿಯಾಗಿ ನಿಲ್ಲಬೇಕಾದರೆ ವಿಟಮಿನ್‌ ಸಿ ಬೇಕೇ ಬೇಕು. ನಮ್ಮ ಊಟದ ಚರ್ಚೆಯಲ್ಲಿ ಈ ಎರಡನೆಯ ಭಾಗ ಸದಾ ಬಿಟ್ಟುಹೋಗುತ್ತದೆ. ಇದಕ್ಕೆ ದುಬಾರಿ ಪುಡಿಗಳು ಬೇಕಾಗಿಲ್ಲ. ದಿನದ ಊಟವನ್ನು ಸ್ವಲ್ಪ ತಿದ್ದಿಕೊಂಡರೆ ಹೆಚ್ಚಿನವರಿಗೆ ಸಾಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಮೂಳೆ ಯಾವುದರಿಂದ ಆಗಿದೆ ಎಂದು ಕಣ್ಣಾರೆ ನೋಡಿ

ಮಾಂಸಾಹಾರ ಮಾಡುವ ಮನೆಯಾದರೆ ಇದನ್ನು ಮಕ್ಕಳ ಜೊತೆ ಕೂತು ಮಾಡಿ. ಕೋಳಿ ಕಾಲಿನ ಒಂದು ಹಸಿ ಮೂಳೆ ತೆಗೆದುಕೊಳ್ಳಿ. ಮಾಂಸವನ್ನೆಲ್ಲ ಕೆರೆದು ತೊಳೆಯಿರಿ. ಗಾಜಿನ ಬಾಟಲಿಗೆ ಹಾಕಿ, ಪೂರ್ತಿ ಮುಳುಗುವಷ್ಟು ಬಿಳಿ ವಿನೆಗರ್‌ ಸುರಿಯಿರಿ. ಸ್ವಲ್ಪ ಹೊತ್ತಿಗೆ ಮೂಳೆಯ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ. ಎರಡು ಮೂರು ದಿನಕ್ಕೊಮ್ಮೆ ವಿನೆಗರ್‌ ಬದಲಿಸಿ. ಒಂದು ವಾರದ ಹೊತ್ತಿಗೆ ತೆಗೆದು ನೋಡಿದರೆ ಮೂಳೆಯ ಆಕಾರ ಹಾಗೇ ಇರುತ್ತದೆ, ಆದರೆ ಬೆರಳಿನಿಂದ ಬಗ್ಗಿಸಬಹುದು. ಹುಳಿಗೆ ಕ್ಯಾಲ್ಸಿಯಂ ಲವಣ ಕರಗಿ ಹೋಯಿತು. ಕೈಯಲ್ಲಿ ಉಳಿದದ್ದು ಬಹುಪಾಲು ಕೊಲಾಜನ್‌.

ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಉಲ್ಟಾ ಆಗುತ್ತದೆ. ಕೊಲಾಜನ್‌ ಸುಟ್ಟು ಹೋಗಿ ಬರೀ ಲವಣ ಉಳಿಯುತ್ತದೆ. ಬೆಳ್ಳಗೆ ಕಾಣುತ್ತದೆ, ಒತ್ತಿದರೆ ಪುಡಿಪುಡಿ.

ಮೂಳೆಗೆ ಗಡಸುತನ ಕೊಡುವುದು ಲವಣ. ಏಟು ಬಿದ್ದಾಗ ತಟ್ಟನೆ ಒಡೆಯದ ಹಾಗೆ ಹಿಡಿದುಕೊಳ್ಳುವುದು ಕೊಲಾಜನ್‌. ಒಣಗಿದ ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಲವಣ. ಮಿಕ್ಕಿದ್ದರಲ್ಲಿ ಸುಮಾರು ಶೇ. 90ರಷ್ಟು ಕೊಲಾಜನ್ನೇ.

ಎರಡನೇ ಹೆಜ್ಜೆ: ಒಳಗೆ ನಡೆಯುವ ಕೆಲಸ ತಿಳಿದುಕೊಳ್ಳಿ

ಇದನ್ನು ಹಾರಿಸಿಕೊಂಡು ನೇರ ಊಟದ ಪಟ್ಟಿಗೆ ಹೋಗಬೇಡಿ. ಇದು ತಿಳಿದರೆ ಅಂಗಡಿಯವರ ಮಾತಿಗೆ ಮರುಳಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಮೂಳೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಜೀವಕೋಶಗಳಿವೆ. ಆಸ್ಟಿಯೋಕ್ಲಾಸ್ಟ್‌ ಹಳೆಯ ಮೂಳೆಯನ್ನು ಕರಗಿಸುತ್ತದೆ. ಆಸ್ಟಿಯೋಬ್ಲಾಸ್ಟ್‌ ಹೊಸದನ್ನು ಕಟ್ಟುತ್ತದೆ. ಕಟ್ಟಿದ ಮೂಳೆಯ ಒಳಗೇ ಉಳಿದುಕೊಂಡ ಆಸ್ಟಿಯೋಬ್ಲಾಸ್ಟ್‌ ಆಸ್ಟಿಯೋಸೈಟ್‌ ಆಗಿ, ಎಲ್ಲಿ ಭಾರ ಬೀಳುತ್ತಿದೆ ಎಂದು ಗಮನಿಸುತ್ತಿರುತ್ತದೆ.

ಕೊಲಾಜನ್‌ ಹೆಣೆಯುವುದು ಆಸ್ಟಿಯೋಬ್ಲಾಸ್ಟ್‌ ಕೆಲಸ. ಒಂದೊಂದರಲ್ಲೂ ಸುಮಾರು ಸಾವಿರ ಅಮೈನೋ ಆಮ್ಲ (ಪ್ರೋಟೀನನ್ನು ಕಟ್ಟುವ ಬಿಡಿ ತುಣುಕು) ಇರುವ ಮೂರು ಎಳೆಗಳನ್ನು ಅದು ತಯಾರಿಸುತ್ತದೆ. ಅವು ಮೂರೆಳೆಯ ಹಗ್ಗದ ಹಾಗೆ ಒಂದರ ಸುತ್ತ ಒಂದು ಹೊಸೆದುಕೊಳ್ಳುತ್ತವೆ. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಜಿ. ಎನ್‌. ರಾಮಚಂದ್ರನ್‌ ಮತ್ತು ಗೋಪಿನಾಥ ಕರ್ತ ಜಗತ್ತಿಗೆ ತೋರಿಸಿಕೊಟ್ಟರು. ರಾಮಚಂದ್ರನ್‌ ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್‌ ಕೈಕೆಳಗೆ. ಮುಂದೆ ಅಲ್ಲಿಗೇ ವಾಪಸ್ಸು ಬಂದು ಅಣು ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಕೊಲಾಜನ್‌ ಹೆಸರಿನಲ್ಲಿ ಪುಡಿ ಮಾರುವ ಜಾಹೀರಾತುಗಳಲ್ಲಿ ಈ ಹೆಸರು ಕಾಣಿಸುವುದೇ ಇಲ್ಲ. ಶಾಲೆಯ ಮಕ್ಕಳಿಗಾದರೂ ಹೇಳಬೇಕು.

ಈಗ ವಿಟಮಿನ್‌ ಸಿ ಬರುವ ಜಾಗ. ಮೂರೆಳೆ ಬಿಗಿಯಾಗಿ ನಿಲ್ಲಬೇಕಾದರೆ, ಎಳೆಯಲ್ಲಿರುವ ಪ್ರೋಲಿನ್‌ ಎಂಬ ಅಮೈನೋ ಆಮ್ಲಕ್ಕೆ ಒಂದು ಸಣ್ಣ ರಾಸಾಯನಿಕ ಗುಂಪು ಸೇರಬೇಕು. ಅದನ್ನು ಸೇರಿಸುವ ಕಿಣ್ವದ (ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌) ನಡುವೆ ಒಂದು ಕಬ್ಬಿಣದ ಪರಮಾಣು ಕೂತಿರುತ್ತದೆ. ಕೆಲಸ ಮಾಡುತ್ತಾ ಆ ಕಬ್ಬಿಣ ಆಕ್ಸಿಡೈಸ್‌ ಆಗಿ ನಿಂತುಹೋಗುತ್ತದೆ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ವಿಟಮಿನ್‌ ಸಿ. ಸಿ ಇಲ್ಲದೆ ತಯಾರಾದ ಎಳೆಗಳು ನಮ್ಮ ಮೈಯ 37 ಡಿಗ್ರಿ ಬಿಸಿಗೇ ಬಿಚ್ಚಿಕೊಳ್ಳುತ್ತವೆ. ಅಂಥ ಸರಕನ್ನು ಜೀವಕೋಶ ಹೊರಗೆ ಬಿಡುವುದೂ ಕಡಿಮೆ. ಒಳಗೇ ಒಡೆದು ಹಾಕುತ್ತದೆ.

ಪ್ರಯೋಗಾಲಯದಲ್ಲಿ ಆಸ್ಟಿಯೋಬ್ಲಾಸ್ಟ್‌ ಬೆಳೆಸುವವರಿಗೆ ಇದು ದಿನದ ಅನುಭವ. ತಟ್ಟೆಯಲ್ಲಿ ಪೋಷಕಾಂಶವೆಲ್ಲ ಇದ್ದರೂ ವಿಟಮಿನ್‌ ಸಿ ಹಾಕದಿದ್ದರೆ ಜೀವಕೋಶಗಳು ಸುಮ್ನೆ ಸಂಖ್ಯೆಯಲ್ಲಿ ಜಾಸ್ತಿ ಆಗುತ್ತವೆ. ಮೂಳೆ ಕಟ್ಟುವ ಹಂತಕ್ಕೆ ಬಲಿಯುವುದಿಲ್ಲ. ಸಿ ಸೇರಿಸಿದರೆ ಕೊಲಾಜನ್‌ ಹೊರಗೆ ಬಂದು ಜೀವಕೋಶದ ಸುತ್ತ ಹರಡುತ್ತದೆ. ಆ ಕೊಲಾಜನ್ನನ್ನು ಮುಟ್ಟಿದ ಜೀವಕೋಶಕ್ಕೆ ‘ಇನ್ನು ಬಲಿಯಬಹುದು’ ಅನ್ನುವ ಸಂಕೇತ ಸಿಗುತ್ತದೆ. ಆಮೇಲೆಯೇ ಲವಣ ಕೂರುವ ಕೆಲಸ. ಅಂದರೆ ತಾನು ಹೆಣೆದದ್ದೇ ಜೀವಕೋಶವನ್ನು ಬೆಳೆಸುತ್ತದೆ. ನನಗಂತೂ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಾಣುವುದು ಇದೇ.

ನಮ್ಮ ಮೈಯಲ್ಲೂ ಇದೇ ಕ್ರಮ. ಹೊಸದಾಗಿ ಹೆಣೆದ ಕೊಲಾಜನ್‌ ಹಲವು ದಿನ ಮೆತ್ತಗೇ ಇರುತ್ತದೆ. ಆಮೇಲೆ ಕ್ಯಾಲ್ಸಿಯಂ, ಫಾಸ್ಫರಸ್‌ ಬಂದು ಕೂರುತ್ತವೆ.

ಇದು ಬೆಳೆಯುವ ವಯಸ್ಸಿಗೆ ಮುಗಿಯುವ ಕೆಲಸ ಅಂದುಕೊಳ್ಳಬೇಡಿ. ದೊಡ್ಡವರ ಅಸ್ಥಿಪಂಜರದಲ್ಲೂ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಕರಗಿ ಹೊಸದಾಗುತ್ತದೆ. 1740ರ ದಶಕದಲ್ಲಿ ಇಂಗ್ಲೆಂಡಿನ ನೌಕಾಧಿಕಾರಿ ಜಾರ್ಜ್‌ ಆನ್ಸನ್‌ ಅವರ ಹಡಗುಗಳು ಜಗತ್ತು ಸುತ್ತಲು ಹೊರಟಾಗ ನಾವಿಕರಿಗೆ ಸ್ಕರ್ವಿ ಬಡಿಯಿತು. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಇಲ್ಲದೆ, ಅಂದರೆ ವಿಟಮಿನ್‌ ಸಿ ಇಲ್ಲದೆ, ಬಂದ ರೋಗ. ಅವರಲ್ಲಿ ಒಬ್ಬ ಮುದುಕ 1690ರ ಯುದ್ಧವೊಂದರಲ್ಲಿ ಗಾಯಗೊಂಡಿದ್ದವನು. ಐವತ್ತು ವರ್ಷದ ಹಿಂದೆ ವಾಸಿಯಾಗಿದ್ದ ಗಾಯ ಮತ್ತೆ ಬಾಯಿ ತೆರೆಯಿತು. ಎಂದೋ ಕೂಡಿಕೊಂಡಿದ್ದ ಮೂಳೆ ಕೂಡೇ ಇರಲಿಲ್ಲವೇನೋ ಎಂಬಂತೆ ಬಿಟ್ಟುಕೊಂಡಿತು ಎಂದು ಆ ಯಾನದ ವೃತ್ತಾಂತದಲ್ಲಿ ಬರೆದಿದ್ದಾರೆ. ಹಳೆಯದನ್ನು ಕರಗಿಸುವ ಕೆಲಸ ನಡೆಯುತ್ತಲೇ ಇರುತ್ತದೆ. ಹೊಸದನ್ನು ಕಟ್ಟುವ ಸಾಮಾನು ಸಿಗದಿದ್ದರೆ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ಆಗದು.

ಬೆಕ್ಕು, ನಾಯಿ, ಹಸುಗಳು ತಮಗೆ ಬೇಕಾದ ವಿಟಮಿನ್‌ ಸಿ ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆ ಶಕ್ತಿ ಇಲ್ಲ. ಹೊರಗಿನಿಂದಲೇ ಬರಬೇಕು.

ಮೂರನೇ ಹೆಜ್ಜೆ: ನಿಮ್ಮ ಮನೆಯ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್‌ ಸಿ ಬೇಕು. ಬಸುರಿಯರಿಗೆ 80, ಹಾಲೂಡಿಸುವ ತಾಯಂದಿರಿಗೆ 115. ಬೀಡಿ ಸಿಗರೇಟು ಸೇದುವವರಿಗೆ ಇನ್ನೊಂದು 35 ಮಿಲಿಗ್ರಾಂ ಜಾಸ್ತಿ ಬೇಕು ಎಂದು ಅಮೆರಿಕದ ಪೋಷಣಾ ತಜ್ಞರು ಹೇಳುತ್ತಾರೆ. ಹೊಗೆ ಮೈಯಲ್ಲಿರುವ ಸಿ ಯನ್ನು ಬೇಗ ಖರ್ಚು ಮಾಡುತ್ತದೆ. ಮುರಿದ ಮೂಳೆ ಕೂಡುವುದನ್ನೂ ಅದು ತಡ ಮಾಡುತ್ತದೆ. ಹಾಗಾಗಿ ಪ್ಲಾಸ್ಟರ್‌ ಇರುವಷ್ಟು ದಿನವಾದರೂ ಬೀಡಿ ಬಿಡಿ.

ಮೂರು ದಿನ ನೀವು ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಹಸಿಯಾಗಿ ಅಥವಾ ಸ್ವಲ್ಪವೇ ಬೇಯಿಸಿ ತಿಂದ ಹಣ್ಣು, ತರಕಾರಿ, ಸೊಪ್ಪಿನ ಕೆಳಗೆ ಗೆರೆ ಎಳೆಯಿರಿ. ದಿನಕ್ಕೆ ಒಂದು ಗೆರೆಯೂ ಬೀಳದಿದ್ದರೆ ಊಟ ತಿದ್ದಬೇಕು ಅಂತ ಅರ್ಥ.

ಕೊರತೆ ಯಾರಲ್ಲಿ ಕಾಣುತ್ತದೆ ಗೊತ್ತಾ? ಒಂಟಿಯಾಗಿದ್ದು ಟೀ-ಬನ್ನು, ಗಂಜಿಯಲ್ಲಿ ದಿನ ತಳ್ಳುವ ವಯಸ್ಸಾದವರಲ್ಲಿ. ಹಲ್ಲಿಲ್ಲದೆ ಹಣ್ಣು ಬಿಟ್ಟವರಲ್ಲಿ. ದಿನಾ ಕುಡಿಯುವವರಲ್ಲಿ. ಡಯಾಲಿಸಿಸ್‌ ಮಾಡಿಸಿಕೊಳ್ಳುವವರಲ್ಲಿ. ಎರಡು ಮೂರು ತಿನಿಸು ಬಿಟ್ಟು ಬೇರೇನೂ ಮುಟ್ಟದ ಮಕ್ಕಳಲ್ಲಿ, ಅದರಲ್ಲೂ ಆಟಿಸಂ ಇರುವ ಮಕ್ಕಳಲ್ಲಿ. ಇಂಥವರ ತಟ್ಟೆಯನ್ನು ಮೊದಲು ನೋಡಿ.

ನಾಲ್ಕನೇ ಹೆಜ್ಜೆ: ಸಿ ಇರುವುದನ್ನೇ ಆರಿಸಿ, ಇರುವುದನ್ನು ಹಾಳು ಮಾಡಬೇಡಿ

ಹುಳಿಯಾದದ್ದರಲ್ಲೆಲ್ಲ ವಿಟಮಿನ್‌ ಸಿ ಇರುತ್ತದೆ ಅನ್ನುವುದು ನಮ್ಮಲ್ಲಿ ಗಟ್ಟಿ ನಂಬಿಕೆ. ಹುಣಸೆಹಣ್ಣಿನಲ್ಲಿ ಅದು ಹೆಸರಿಗೆ ಮಾತ್ರ. ಮೊಸರಿನಲ್ಲೂ ಅಷ್ಟೇ. ಅರೆನೆಲ್ಲಿಕಾಯಿ ಬಾಯಿ ಚುರುಗುಟ್ಟುವಷ್ಟು ಹುಳಿ, ಆದರೆ ಬೆಟ್ಟದ ನೆಲ್ಲಿಕಾಯಿಯ ಹತ್ತಿರಕ್ಕೂ ಬರುವುದಿಲ್ಲ. ಹುಳಿಯೇ ಇಲ್ಲದ ಸೀಬೆಹಣ್ಣಿನಲ್ಲಿ ಮಾತ್ರ 100 ಗ್ರಾಂಗೆ 200 ಮಿಲಿಗ್ರಾಂ ಮೇಲೆ ಇದೆ! ಅರ್ಧ ಸೀಬೆಹಣ್ಣು ತಿಂದರೆ ದಿನದ ಲೆಕ್ಕ ಮುಗಿಯಿತು. ಬೆಟ್ಟದ ನೆಲ್ಲಿಕಾಯಿಯಲ್ಲಿ 100 ಗ್ರಾಂಗೆ ಸುಮಾರು 250. ಒಂದು ದೊಡ್ಡ ಕಾಯಿ ಸಾಕು. ನುಗ್ಗೆಸೊಪ್ಪಿನಲ್ಲಿ ಹಸಿಯಾಗಿದ್ದಾಗ 100ಕ್ಕೂ ಹೆಚ್ಚು, ದಪ್ಪ ಮೆಣಸಿನಕಾಯಿಯಲ್ಲೂ 80ರ ಮೇಲೆ. ಪರಂಗಿಹಣ್ಣು, ಕಿತ್ತಳೆ 40ರಿಂದ 60ರ ಆಸುಪಾಸು. ನಿಂಬೆಹಣ್ಣು ಎಲ್ಲರೂ ಅಂದುಕೊಂಡಷ್ಟಿಲ್ಲ. ಒಂದು ನಿಂಬೆಹಣ್ಣಿನ ರಸದಲ್ಲಿ ಹದಿನೈದು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಒಳ್ಳೆಯದೇ, ಆದರೆ ಒಂದು ಲೋಟ ಶರಬತ್ತು ಕುಡಿದು ದಿನದ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ.

ಕಾಳಿನ ವಿಷಯ ಬೇರೆ. ಒಣ ಹೆಸರುಕಾಳಿನಲ್ಲಿ ಸಿ ಇಲ್ಲವೆನ್ನಬಹುದು. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆಯ ಜೊತೆ ಸಿ ಹುಟ್ಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ವಿಜ್ಞಾನಿ ಹ್ಯಾರಿಯೆಟ್‌ ಚಿಕ್‌ ಮತ್ತು ಅವರ ಸಂಗಡಿಗರು ಸ್ಕರ್ವಿ ತಡೆಯಲು ಮೊಳಕೆ ಕಾಳನ್ನು ಪರೀಕ್ಷಿಸಿ ನೋಡಿದ್ದರು. ಕೋಸಂಬರಿಗೆ ಹಾಕುವ ಹೆಸರುಬೇಳೆ ಒಡೆದ ಬೇಳೆ. ಅದು ಎಷ್ಟು ನೆನೆದರೂ ಮೊಳೆಯುವುದಿಲ್ಲ. ಹಾಗಾಗಿ ಬೇಳೆ ಕೋಸಂಬರಿಗೆ ತುರಿದ ಮಾವಿನಕಾಯಿ, ನಿಂಬೆರಸ ಬೇಕು. ಇಲ್ಲದಿದ್ದರೆ ಮೊಳಕೆ ಕಾಳಿನದೇ ಕೋಸಂಬರಿ ಮಾಡಿ.

ಬೇಯಿಸುವಾಗ ನಾಲ್ಕು ಮಾತು ನೆನಪಿಡಿ.

ವಿಟಮಿನ್‌ ಸಿ ನೀರಿಗೆ ಇಳಿಯುತ್ತದೆ, ಬಿಸಿಗೆ ಹಾಳಾಗುತ್ತದೆ, ಗಾಳಿಗೂ ಹಾಳಾಗುತ್ತದೆ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ನೀರಿನಲ್ಲಿ ನೆನೆಹಾಕಬೇಡಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಬಸ್ಸಾರು ಮಾಡುವವರು ಈ ವಿಷಯದಲ್ಲಿ ಮೊದಲಿನಿಂದಲೂ ಜಾಣರು. ಕಾಳು ಸೊಪ್ಪು ಬಸಿದ ನೀರೇ ಸಾರಾಗುತ್ತದೆ. ನೀರಿಗಿಳಿದ ಸಿ ಪೂರ್ತಿ ಉಳಿಯುವುದಿಲ್ಲ, ಆದರೆ ಉಳಿದದ್ದು ಬಚ್ಚಲಿಗೆ ಹೋಗುವ ಬದಲು ಮುದ್ದೆಯ ಜೊತೆ ಹೊಟ್ಟೆಗೆ ಹೋಗುತ್ತದೆ.

ಸೊಪ್ಪು ಹಸಿರಾಗಿ ಕಾಣಲಿ ಎಂದು ಅಡುಗೆ ಸೋಡ ಹಾಕುವುದು ಬೇಡ. ಸೋಡ ಸಿ ಗೆ ಶತ್ರು. ನಿಂಬೆರಸವನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬೇಡಿ, ತಾಮ್ರ ಸಿ ಯನ್ನು ಬೇಗ ಕೆಡಿಸುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಎಲ್ಲಕ್ಕಿಂತ ನನಗೆ ಇಷ್ಟವಾದ ದಾರಿ ಮಲೆನಾಡಿನ ನೆಲ್ಲಿಕಾಯಿ ತಂಬುಳಿ. ಹಸಿ ನೆಲ್ಲಿಕಾಯಿ, ತೆಂಗಿನಕಾಯಿ, ಜೀರಿಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಆಯಿತು. ಕಾಯಿಗೆ ಒಲೆಯ ಬಿಸಿ ತಾಗುವುದೇ ಇಲ್ಲ. ಹಲ್ಲಿಲ್ಲದವರೂ ಕುಡಿಯಬಹುದು. ರುಬ್ಬಿದ ತಕ್ಷಣ ಊಟ ಮಾಡಿ, ಸಂಜೆಗೆ ಇಡಬೇಡಿ.

ಎಲ್ಲವನ್ನೂ ಒಂದೇ ಹೊತ್ತಿಗೆ ತಿನ್ನುವ ಬದಲು ಎರಡು ಮೂರು ಹೊತ್ತಿಗೆ ಹಂಚಿ. ಇದಕ್ಕೆ ಕಾರಣ ಕಬ್ಬಿಣ. ಕಿಣ್ವದ ನಡುವೆ ಕಬ್ಬಿಣ ಕೂತಿದೆ ಅಂದೆನಲ್ಲ. ಅದೂ ಊಟದಿಂದಲೇ ಬರಬೇಕು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಅದೇ ತುತ್ತಿನ ಜೊತೆ ಸಿ ಇದ್ದರೆ ಜಾಸ್ತಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಮತ್ತೆ ಕಡಿಮೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಐದನೇ ಹೆಜ್ಜೆ: ಎಳೆಗೆ ಬೇಕಾದ ಪ್ರೋಟೀನ್‌

ಸಿ ಎಷ್ಟೇ ಇದ್ದರೂ ಎಳೆ ತಯಾರಿಸಲು ಅಮೈನೋ ಆಮ್ಲ ಬೇಕು. ಅದು ಬರುವುದು ಊಟದ ಪ್ರೋಟೀನಿನಿಂದ. ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಎಂಬುದು ನಮ್ಮ ದೇಶದ ಲೆಕ್ಕ. 60 ಕಿಲೋ ತೂಕದವರಿಗೆ 50 ಗ್ರಾಂ. ವಯಸ್ಸಾದವರಿಗೆ, ಮೂಳೆ ಮುರಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಕೊಡುವಂತೆ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ತಮ್ಮ ವೈದ್ಯರ ಮಾತಿನಂತೆಯೇ ನಡೆಯಬೇಕು.

ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 6ರಿಂದ 7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ತಿಳಿಸಾರು ಅನ್ನದಲ್ಲಿ ಬೇಳೆ ಹುಡುಕಬೇಕಾಗುತ್ತದೆ. ಸೌಟನ್ನು ತಳಕ್ಕೆ ಹಾಕಿ ಗಟ್ಟಿ ಬಡಿಸಿ.

ಒಂದು ದಿನದ ಊಟ ಹೀಗಿರಬಹುದು: ಬೆಳಗ್ಗೆ ಇಡ್ಲಿ, ಗಟ್ಟಿ ಸಾಂಬಾರ್‌, ಜೊತೆಗೆ ಒಂದು ಲೋಟ ಹಾಲು. ಹನ್ನೊಂದು ಗಂಟೆಗೆ ಅರ್ಧ ಸೀಬೆಹಣ್ಣು, ಒಂದು ಹಿಡಿ ಕಡಲೆಕಾಯಿ. ಮಧ್ಯಾಹ್ನ ಮುದ್ದೆ, ಹೆಸರುಕಾಳು ನುಗ್ಗೆಸೊಪ್ಪಿನ ಬಸ್ಸಾರು, ಪಲ್ಯ, ಮೊಸರು. ರಾತ್ರಿ ಚಪಾತಿ, ಮೊಟ್ಟೆ ಅಥವಾ ಪನೀರ್‌, ಮೊಳಕೆ ಕಾಳಿನ ಕೋಸಂಬರಿ. ಇದರಲ್ಲಿ ಯಾವುದೂ ಹೊಸದಲ್ಲ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಹಾಲು ಮೊಸರಿನದು ಸೇರಿದರೆ ಆ ಲೆಕ್ಕವೂ ಚೆನ್ನಾಗಿಯೇ ತುಂಬುತ್ತದೆ. ವಿಟಮಿನ್‌ ಡಿಗೆ ಬಿಸಿಲು ಬೇಕು. ರಕ್ತ ಪರೀಕ್ಷೆಯಲ್ಲಿ ಕಡಿಮೆ ಇದೆ ಅಂದರೆ ಮಾತ್ರೆ.

ಆರನೇ ಹೆಜ್ಜೆ: ಕಾಲು ಸೂಪು, ಕೊಲಾಜನ್‌ ಪುಡಿ

ಮೂಳೆ ಮುರಿದವರಿಗೆ ಮೇಕೆ ಕಾಲಿನ ಸೂಪು ಕುಡಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಗಂಟೆಗಟ್ಟಲೆ ಕುದಿಸಿದ ಸೂಪನ್ನು ಆರಲು ಬಿಟ್ಟರೆ ಹೆಪ್ಪುಗಟ್ಟಿ ಅಲುಗಾಡುತ್ತದಲ್ಲ, ಅದೇ ಜೆಲಟಿನ್‌. ಬಿಸಿಗೆ ಬಿಚ್ಚಿಕೊಂಡ ಕೊಲಾಜನ್‌ ಅದು. ಹಾಗಾಗಿ ಸೂಪಿನಲ್ಲಿ ಕೊಲಾಜನ್‌ ಅಂಶ ಇರುವುದು ನಿಜ. ಕ್ಯಾಲ್ಸಿಯಂ ಮಾತ್ರ ಜನ ನಂಬಿದಷ್ಟು ಇಳಿಯುವುದಿಲ್ಲ. ಸಿ ಇಲ್ಲವೇ ಇಲ್ಲ. ಲೋಟಕ್ಕೆ ಹಾಕಿದ ಮೇಲೆ ನಿಂಬೆಹಣ್ಣು ಹಿಂಡಿ ಕೊಡಿ. ಹಿಂಡುವ ಅಭ್ಯಾಸ ಬಹಳ ಮನೆಗಳಲ್ಲಿ ಇದ್ದೇ ಇದೆ.

ತಿಂದ ಕೊಲಾಜನ್‌ ನೇರವಾಗಿ ಹೋಗಿ ಮೂಳೆಗೆ ಅಂಟುವುದಿಲ್ಲ. ಹೊಟ್ಟೆಯಲ್ಲಿ ಅದು ಅಮೈನೋ ಆಮ್ಲವಾಗಿ, ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಅವನ್ನು ಎಲ್ಲಿ ಬಳಸಬೇಕು ಎಂದು ಮೈ ತೀರ್ಮಾನಿಸುತ್ತದೆ.

ಹಾಗಂತ ಪುಡಿ ಪೂರ್ತಿ ಬೊಗಳೆ ಅನ್ನಲೂ ಆಗದು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಾಗಿದ್ದ 131 ಮಹಿಳೆಯರನ್ನು ಸೇರಿಸಿಕೊಂಡ ಜರ್ಮನಿಯ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 5 ಗ್ರಾಂ ಕೊಲಾಜನ್‌ ಪೆಪ್ಟೈಡ್‌ (ಸಣ್ಣ ತುಣುಕುಗಳಾಗಿ ಒಡೆದ ಕೊಲಾಜನ್‌) ಒಂದು ವರ್ಷ ತೆಗೆದುಕೊಂಡವರಲ್ಲಿ ಬೆನ್ನುಮೂಳೆ ಮತ್ತು ತೊಡೆಮೂಳೆಯ ಕತ್ತಿನ ಸಾಂದ್ರತೆ ಸ್ವಲ್ಪ ಹೆಚ್ಚಿತ್ತು. 2017ರ ಇನ್ನೊಂದು ಸಣ್ಣ ಪ್ರಯೋಗದಲ್ಲಿ ಎಂಟು ಮಂದಿ ಗಂಡಸರು ವಿಟಮಿನ್‌ ಸಿ ಸೇರಿಸಿದ 15 ಗ್ರಾಂ ಜೆಲಟಿನ್‌ ಕುಡಿದು, ಒಂದು ಗಂಟೆ ಬಿಟ್ಟು ಆರು ನಿಮಿಷ ಸ್ಕಿಪ್ಪಿಂಗ್‌ ಆಡಿದರು. ಅವರ ರಕ್ತದಲ್ಲಿ ಕೊಲಾಜನ್‌ ತಯಾರಿಕೆಯ ಗುರುತು ಎರಡರಷ್ಟಾಯಿತು. ಇವು ಆಸೆ ಹುಟ್ಟಿಸುವ ಸುದ್ದಿಗಳು. ಆದರೆ ಇಷ್ಟರಿಂದ ಎಲ್ಲರೂ ಪುಡಿ ಕೊಳ್ಳಿ ಎಂದು ನಾನು ಹೇಳಲಾರೆ. ತಿಂಗಳಿಗೆ ಪುಡಿಗೆ ಹೋಗುವ ದುಡ್ಡಿನಲ್ಲಿ ಮನೆಮಂದಿಗೆಲ್ಲ ಮೊಟ್ಟೆ, ಕಾಳು, ಸೀಬೆಹಣ್ಣು ಬರುತ್ತದೆ.

ಕೊಳ್ಳಲೇಬೇಕು ಅನ್ನುವವರು ಎರಡು ವಿಷಯ ನೋಡಿ. ಕೊಲಾಜನ್‌ ಬರುವುದು ದನ, ಹಂದಿ, ಮೀನಿನ ಚರ್ಮ ಮೂಳೆಯಿಂದ. ಲೇಬಲ್‌ ಓದಿ. ಸಸ್ಯಾಹಾರಿ ಕೊಲಾಜನ್‌ ಎಂದು ಮಾರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೈನೋ ಆಮ್ಲ, ವಿಟಮಿನ್‌ ಸಿ ಇತ್ಯಾದಿ. ಎರಡನೆಯದು, ಕೊಲಾಜನ್ನಿನಲ್ಲಿ ಟ್ರಿಪ್ಟೋಫ್ಯಾನ್‌ ಎಂಬ ಅಗತ್ಯದ ಅಮೈನೋ ಆಮ್ಲವೇ ಇಲ್ಲ. ದಿನದ ಪ್ರೋಟೀನ್‌ ಲೆಕ್ಕಕ್ಕೆ ಅದನ್ನೇ ನಂಬಿ ಕೂರಬೇಡಿ.

ಏಳನೇ ಹೆಜ್ಜೆ: ಸಿ ಮಾತ್ರೆ ಬೇಕೇ?

ಊಟ ಸರಿ ಇದ್ದವರಿಗೆ ಬೇಡ. ಎಡಿನ್‌ಬರೋದಲ್ಲಿ ಮಣಿಕಟ್ಟು ಮುರಿದ 336 ಮಂದಿಯ ಮೇಲೆ ಪರೀಕ್ಷೆ ಮಾಡಿದ್ದಾರೆ. ಕೆಲವರಿಗೆ 50 ದಿನ 500 ಮಿಲಿಗ್ರಾಂ ವಿಟಮಿನ್‌ ಸಿ, ಉಳಿದವರಿಗೆ ಹುಸಿ ಮಾತ್ರೆ. 2014ರಲ್ಲಿ ಬಂದ ಫಲಿತಾಂಶದಲ್ಲಿ ಮೂಳೆ ಕೂಡುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊರತೆ ಇದ್ದವರಿಗೆ ಸಿ ಔಷಧಿ. ಕೊರತೆ ಇಲ್ಲದವರಿಗೆ ಜಾಸ್ತಿ ಕೊಟ್ಟರೆ ಮೂತ್ರದಲ್ಲಿ ಹೋಗುತ್ತದೆ.

ವೈದ್ಯರು ಬರೆದುಕೊಟ್ಟಿದ್ದರೆ ಖಂಡಿತ ತೆಗೆದುಕೊಳ್ಳಿ. ನೀವಾಗಿಯೇ ದಿನಕ್ಕೆ ಸಾವಿರ, ಎರಡು ಸಾವಿರ ಮಿಲಿಗ್ರಾಂ ನುಂಗಬೇಡಿ. ಹೊಟ್ಟೆ ಕೆಡುತ್ತದೆ. ಸ್ವೀಡನ್ನಿನ ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಸಿ ಮಾತ್ರೆ ನುಂಗುವವರಲ್ಲಿ ಕಿಡ್ನಿ ಕಲ್ಲು ಹೆಚ್ಚಾಗಿ ಕಂಡಿತ್ತು. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಯಿಂದ ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರಿಕೊಂಡವರು ಕೇಳದೆ ಮುಟ್ಟಲೇಬಾರದು. ಹೆಚ್ಚು ಪ್ರಮಾಣದ ಸಿ ಇದ್ದಾಗ ಕೆಲವು ಗ್ಲೂಕೋಮೀಟರ್‌ಗಳು ಸಕ್ಕರೆಯನ್ನು ತಪ್ಪಾಗಿ ಜಾಸ್ತಿ ತೋರಿಸುತ್ತವೆ, ಡಯಾಬಿಟಿಸ್‌ ಇರುವವರು ಇದನ್ನು ತಿಳಿದಿರಬೇಕು. ಚೀಪುವ ಮಾತ್ರೆಯನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದರೆ ಹಲ್ಲು ಸವೆಯುತ್ತದೆ.

ಎಂಟನೇ ಹೆಜ್ಜೆ: ಮೂಳೆಗೆ ಭಾರ ಕೊಡಿ

ಊಟವೆಲ್ಲ ಸರಿಯಾಗಿದ್ದೂ ದಿನವಿಡೀ ಕೂತೇ ಇದ್ದರೆ ಕಟ್ಟುವ ಜೀವಕೋಶಕ್ಕೆ ಕೆಲಸದ ಆದೇಶವೇ ಹೋಗುವುದಿಲ್ಲ. ಚುರುಕಾಗಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಷ್ಟಾದರೂ ದಿನಾ ಇರಲಿ. ಪ್ಲಾಸ್ಟರ್‌ ಹಾಕಿದವರು ಯಾವಾಗ ಎಷ್ಟು ಭಾರ ಹಾಕಬೇಕು ಎಂದು ಮೂಳೆ ವೈದ್ಯರನ್ನೇ ಕೇಳಿ. ಮುರಿದ ಜಾಗದಲ್ಲಿ ಮೊದಲ ಎರಡು ಮೂರು ವಾರ ಮೆತ್ತಗಿನ ಗಂಟು ಕಟ್ಟುತ್ತದೆ, ಆಮೇಲೆ ಗಟ್ಟಿಯಾಗಲು ಇನ್ನೂ ಹಲವು ವಾರ ಬೇಕು. ನೋವು ಹೋಯಿತು ಅಂತ ಅವಸರ ಮಾಡಬೇಡಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಹಲ್ಲುಜ್ಜಿದಾಗಲೆಲ್ಲ ಒಸಡಿನಲ್ಲಿ ರಕ್ತ, ತಾಗಿದ ನೆನಪೇ ಇಲ್ಲದೆ ಮೈಮೇಲೆ ನೀಲಿ ಕಲೆ, ಆರದ ಗಾಯ, ಜೊತೆಗೆ ಮೈಕೈ ನೋವು ಸುಸ್ತು ಇದ್ದರೆ ತೋರಿಸಿ. ಮಗು ಕಾಲು ನೋವೆಂದು ನಡೆಯಲು ಒಪ್ಪದಿದ್ದರೆ, ಮುಟ್ಟಿದರೆ ಅತ್ತರೆ ತಡ ಮಾಡಬೇಡಿ. ಮಕ್ಕಳ ಸ್ಕರ್ವಿ ಹೀಗೇ ಶುರುವಾಗುತ್ತದೆ. ಇದೇ ಲಕ್ಷಣ ಬೇರೆ ದೊಡ್ಡ ಕಾಯಿಲೆಗಳಲ್ಲೂ ಬರುತ್ತದೆ. ಸಣ್ಣ ಏಟಿಗೆಲ್ಲ ಮತ್ತೆ ಮತ್ತೆ ಮೂಳೆ ಮುರಿಯುವ ಮಕ್ಕಳಿಗೆ ಕೊಲಾಜನ್‌ ವಂಶವಾಹಿಯಲ್ಲೇ ದೋಷ ಇರಬಹುದು. ಅದು ನೆಲ್ಲಿಕಾಯಿಯಿಂದ ಸರಿಹೋಗುವುದಲ್ಲ. ಆಸ್ಟಿಯೋಪೊರೋಸಿಸ್‌ಗೆ (ಮೂಳೆ ಟೊಳ್ಳಾಗುವ ಕಾಯಿಲೆ) ಔಷಧಿ ತೆಗೆದುಕೊಳ್ಳುವವರು ಊಟ ತಿದ್ದಿಕೊಂಡೆವು ಎಂದು ಔಷಧಿ ನಿಲ್ಲಿಸಬಾರದು.

ವಿಟಮಿನ್‌ ಸಿ ಮಟ್ಟ ಅಳೆಯುವ ರಕ್ತ ಪರೀಕ್ಷೆ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ವೈದ್ಯರು ಲಕ್ಷಣ, ಎಕ್ಸ್‌ರೇ ಮತ್ತು ಊಟದ ವಿವರ ಮೂರನ್ನೂ ಸೇರಿಸಿ ನೋಡುತ್ತಾರೆ. ಏನು ತಿನ್ನುತ್ತಾರೆ, ಏನು ಮುಟ್ಟುವುದಿಲ್ಲ, ಎಷ್ಟು ತಿಂಗಳಿನಿಂದ ಹೀಗಿದೆ ಎಂಬುದನ್ನು ಅವರು ಕೇಳದಿದ್ದರೂ ನೀವೇ ಬಿಡಿಸಿ ಹೇಳಿ.